ಪ್ರಿಂಟರ್ ಸತ್ತಿಲ್ಲ, ಡ್ರೈವರ್ ಇಲ್ಲ ಅಷ್ಟೇ

ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಸವಕಳಿಗೆ ಕಾರಣಗಳು ಬರುತ್ತವೆ: ಬಳಸಿ ಬಳಸಿ ಸವೆಯುವುದು, ಕಾಲ ಕಳೆಯುವುದು, ಹೊಸ ಯಂತ್ರ ಬಂದು ಹಳೆಯದು ಮೂಲೆ ಸೇರುವುದು. ಪರೀಕ್ಷೆಗೆಂದು ನಾನೂ ಬಾಯಿಪಾಠ ಮಾಡಿದ್ದೆ. ಇವುಗಳ ಜೊತೆ ಇನ್ನೊಂದನ್ನು ಸೇರಿಸಬೇಕು ಎಂದು ಈ ವರ್ಷ ಗೊತ್ತಾಯಿತು. ಯಂತ್ರ ಗಟ್ಟಿಮುಟ್ಟಾಗಿದ್ದರೂ, ಅದನ್ನು ಮಾತಾಡಿಸುವ ಪ್ರೋಗ್ರಾಮ್ ಇಲ್ಲವೆಂದು ಗುಜರಿಗೆ ಹೋಗುವುದು.

ದೇವದುರ್ಗದಲ್ಲಿ ನಮ್ಮ ಮಾಮೂ ಝೆರಾಕ್ಸ್ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚುವಾಗ ಒಂದು ಕಪ್ಪು-ಬಿಳುಪು ಲೇಸರ್ ಪ್ರಿಂಟರನ್ನು ನಮಗೆ ಕೊಟ್ಟರು. ಅಬ್ಬೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರಾಯಚೂರಿಗೆ ತಂದರು. ಮರುದಿನವೇ ನಾನು ಸ್ಕಾಲರ್‌ಶಿಪ್ ಅರ್ಜಿಯ ಪ್ರಿಂಟ್ ಕಾಲೇಜಿಗೆ ಕೊಡಬೇಕಿತ್ತು. ಮನೆಯ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿಗೆ ವೈರ್ ಚುಚ್ಚಿದೆ. ಪ್ರಿಂಟರಿನ ಹಸಿರು ದೀಪ ಹತ್ತಿತು. ಕಾಗದ ಮಾತ್ರ ಹೊರಗೆ ಬರಲಿಲ್ಲ. ಅಮ್ಮಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ಮರ್ ಗಯಾ."

ಸತ್ತಿರಲಿಲ್ಲ. ನಮ್ಮ ದಾದಿಗೆ ಉರ್ದು ಮಾತ್ರ ಬರುತ್ತದೆ, ಕರೆಂಟ್ ಬಿಲ್ ಬರುವುದು ಕನ್ನಡದಲ್ಲಿ. ನಾನು ನಡುವೆ ಕೂತು ಓದಿ ಹೇಳಬೇಕು. ಕಂಪ್ಯೂಟರ್ ಮತ್ತು ಪ್ರಿಂಟರಿನ ನಡುವೆ ಡ್ರೈವರ್ ಮಾಡುವುದು ಇದೇ ಕೆಲಸ. ನಾನು ಮನೆಯಲ್ಲಿ ಇಲ್ಲದಿದ್ದರೆ ದಾದಿಗೆ ಬಿಲ್ ಅರ್ಥವಾಗದು, ಹಾಗಂತ ದಾದಿಯ ಕಣ್ಣು ಹೋಗಿದೆ ಎನ್ನಲಾಗದು.

ಆ ರಾತ್ರಿ ನಾನು ದೊಡ್ಡ ತಪ್ಪು ಮಾಡಿದೆ. ಪ್ರಿಂಟರಿನ ಹೆಸರಿನ ಮುಂದೆ 'ಫ್ರೀ ಡ್ರೈವರ್' ಎಂದು ಹುಡುಕಿ, ಮೊದಲು ಬಂದದ್ದನ್ನೇ ಒತ್ತಿದೆ. ಅದು ಜಾಹೀರಾತು. ಇಳಿದದ್ದು ಡ್ರೈವರ್ ಅಲ್ಲ, 'ನಿಮ್ಮ ಡ್ರೈವರುಗಳೆಲ್ಲ ಹಳೆಯವು, ಹಣ ಕಟ್ಟಿ' ಎಂದು ಕೆಂಪು ಅಕ್ಷರದಲ್ಲಿ ಹೆದರಿಸುವ ಪ್ರೋಗ್ರಾಮ್. ಜೊತೆಗೆ ಕೇಳದೇ ಇನ್ನೆರಡು ಬಂದವು. ಬೇರೆ ಕಡೆಯಿಂದ ಇಳಿಸಿದ್ದು ಪಕ್ಕದ ಮಾಡೆಲ್ಲಿನ ಡ್ರೈವರ್. ಅದನ್ನು ಹಾಕಿದ ಮೇಲೆ ಕಾಗದವೇನೋ ಬಂತು, ಮೈತುಂಬ ಅರ್ಥವಿಲ್ಲದ ಗುರುತುಗಳೊಂದಿಗೆ. ಬೆಳಿಗ್ಗೆ ತೀನ್ ಕಂದೀಲ್ ಹತ್ತಿರದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಕಾಲೇಜಿಗೆ ಓಡಿದೆ.

ಸಂಜೆ ಮಾಮೂಗೆ ಫೋನ್ ಮಾಡಿದೆ. ಅವರ ಮೊದಲ ಮಾತು, "ಪೈಲೇ ವೈರ್ ನಿಕಾಲ್!" ಹಳೆಯ ಯುಎಸ್‌ಬಿ ಪ್ರಿಂಟರುಗಳಲ್ಲಿ ಹಲವಕ್ಕೆ ಮೊದಲು ಡ್ರೈವರ್ ಹಾಕಬೇಕು, ಅದು ಕೇಳಿದಾಗ ಮಾತ್ರ ವೈರ್ ಚುಚ್ಚಬೇಕು. ನಾನು ಉಲ್ಟಾ ಮಾಡಿದ್ದೆ.

ನಮ್ಮಲ್ಲಿ ಹೆಚ್ಚಿನವರಿಗೆ ಬಾರದಿರುವುದು ಹಾಕುವುದಲ್ಲ, ತೆಗೆಯುವುದು. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರನ್ನು ಆರಿಸಿ ರಿಮೂವ್ ಒತ್ತಿದರೆ ಅದರ ಹೆಸರು ಹೋಗುತ್ತದೆ, ಡ್ರೈವರ್ ಒಳಗೇ ಉಳಿಯಬಹುದು. 'ಪ್ರಿಂಟ್ ಸರ್ವರ್ ಪ್ರಾಪರ್ಟೀಸ್' ತೆರೆದು, 'ಡ್ರೈವರ್ಸ್' ಟ್ಯಾಬಿನಲ್ಲಿ ಅದನ್ನು ಆರಿಸಿ, ಡ್ರೈವರ್ ಮತ್ತು ಪ್ಯಾಕೇಜ್ ಎರಡನ್ನೂ ತೆಗೆಯಬೇಕು. ಬಳಕೆಯಲ್ಲಿದೆ ಎಂದು ಹಟ ಮಾಡಿದರೆ, 'ಸರ್ವಿಸಸ್'ನಲ್ಲಿ 'ಪ್ರಿಂಟ್ ಸ್ಪೂಲರ್' ಅನ್ನು ರೀಸ್ಟಾರ್ಟ್ ಮಾಡಿ ಕೂಡಲೇ ಮತ್ತೆ ಯತ್ನಿಸಬೇಕು. ಆಮೇಲೆ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ನೋಡಿ, ಪ್ರಿಂಟರ್ ತಯಾರಿಸಿದ ಕಂಪನಿಯದೇ ತಾಣದಿಂದ ಆ ಮಾಡೆಲ್ಲಿನ ಡ್ರೈವರ್ ಇಳಿಸಿಕೊಳ್ಳಬೇಕು. 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ನನಗೆ ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಟೆಸ್ಟ್ ಪೇಜ್ ಬಂದಾಗ ಅಮ್ಮಿ ಅದನ್ನು ಫ್ರಿಜ್ ಮೇಲೆ ಅಂಟಿಸಿದರು.

ಅಪ್‌ಡೇಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಬಿಡಬೇಡಿ. 2021ರಲ್ಲಿ ಇದೇ ಪ್ರಿಂಟ್ ಸ್ಪೂಲರ್‌ನಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂಬ ದೋಷ ಸಿಕ್ಕಿ, ಮೈಕ್ರೋಸಾಫ್ಟ್ ಅವಸರದಲ್ಲಿ ಅಪ್‌ಡೇಟ್ ಕೊಡಬೇಕಾಯಿತು. ಆದರೆ ಚೆನ್ನಾಗಿ ನಡೆಯುತ್ತಿರುವ ಪ್ರಿಂಟರ್ ಡ್ರೈವರನ್ನು ಹೊಸದು ಬಂದಿದೆ ಎಂಬ ಆಸೆಗೆ ಕೆಣಕಬೇಡಿ.

ಈಗ ಇದನ್ನು ಬರೆಯಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಎಷ್ಟೋ ಮನೆಗಳು 11ಕ್ಕೆ ಹೋಗುತ್ತಿವೆ. ಇನ್ನೊಂದು ಕಡೆ, ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಹಾಕಿಕೊಂಡಿರುವ ಡ್ರೈವರ್ ಇದರಿಂದ ನಿಂತುಹೋಗುವುದಿಲ್ಲ, ಕಂಪನಿಗಳು ತಮ್ಮ ತಾಣದಲ್ಲಿ ಕೊಡುವುದಕ್ಕೂ ಅಡ್ಡಿಯಿಲ್ಲ. ಆದರೆ ವೈರ್ ಚುಚ್ಚಿದರೆ ಸಾಕು, ತಾನೇ ಹುಡುಕಿಕೊಳ್ಳುತ್ತದೆ ಎಂಬ ಕಾಲ ಹಳೆಯ ಪ್ರಿಂಟರುಗಳಿಗೆ ಮುಗಿಯುತ್ತ ಬಂದಿದೆ.

ಮಾನ್ವಿಯ ಖಾಲಾ ಮನೆಯಲ್ಲಿ ಹಾಗೇ ಆಯಿತು. ವಿಂಡೋಸ್ ಬದಲಾಯಿಸಿದ ಮೇಲೆ ಪ್ರಿಂಟರ್ ನಿಂತಿತು, 300 ರೂಪಾಯಿಗೆ ಗುಜರಿಯವರಿಗೆ ಹೋಯಿತು. ಅದರಲ್ಲಿ ಹೊಸದಾಗಿ ತುಂಬಿಸಿದ ಟೋನರ್ ಇತ್ತು! ಆಮೇಲೆ ನಾನು ನೋಡಿದರೆ, ಆ ಮಾಡೆಲ್ಲಿಗೆ ಬೇಕಾದ ಡ್ರೈವರ್ ಕಂಪನಿಯ ತಾಣದಲ್ಲೇ ಇತ್ತು.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ. ಕಾಮರ್ಸ್‌ನವರಿಗೆ ಟ್ಯಾಲಿ ಕಲಿಸುವ ಮಾತು ಆಗಾಗ ಬರುತ್ತದೆ, ಬರಲಿ. ಅದಕ್ಕೂ ಮೊದಲು ಒಂದು ಶನಿವಾರ ಹಳೆಯ ಪ್ರಿಂಟರೊಂದನ್ನು ಮುಂದಿಟ್ಟು, ಡ್ರೈವರ್ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದನ್ನು ಎಲ್ಲರ ಕೈಯಿಂದಲೂ ಮಾಡಿಸಿ ಎಂದು ಉಪನ್ಯಾಸಕರಲ್ಲಿ ಕೇಳುತ್ತೇನೆ. ಪ್ರಿಂಟರ್ ಸಿಗದಿದ್ದರೆ ನಮ್ಮ ಮನೆಯದನ್ನು ತರಲು ಅಬ್ಬೂ ಒಪ್ಪಿದ್ದಾರೆ.

ಖಾಲಾ ಹೊಸ ಪ್ರಿಂಟರ್ ಕೊಂಡಿದ್ದಾರೆ. ಬಕ್ರೀದ್ ರಜೆಯಲ್ಲಿ ಮಾನ್ವಿಗೆ ಹೋದಾಗ ಅದರ ಡ್ರೈವರಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಪ್ರಿಂಟರಿನ ಬಿಲ್ಲಿನ ಜೊತೆಗೇ ಇಟ್ಟು ಬರುತ್ತೇನೆ.