ಗಾಂಧಿ ಕ್ಲಾಸಿನ ಮಗು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆ ಎಷ್ಟೋ ಮನೆಗಳ ಅನ್ನ. ಅಪ್ಪ, ಅಮ್ಮ ಇಬ್ಬರೂ ಹೊತ್ತು ಮುಳುಗುವವರೆಗೆ ಮಿಷಿನ್ ತುಳಿದರೆ ಮನೆಯಲ್ಲಿ ಉಳಿಯುವುದು ಮಗು ಒಂದೇ. ಅಂಥ ಮಕ್ಕಳಿಗೆ ಒಂದು ಕಾಲದಲ್ಲಿ ಟಾಕೀಸೇ ಆಸರೆ. ಚಿಲ್ಲರೆ ಕೂಡಿಟ್ಟು ಗಾಂಧಿ ಕ್ಲಾಸಿನ ಟಿಕೆಟ್ ಕೊಂಡು, ಪರದೆಯ ಬುಡದಲ್ಲಿ ಕತ್ತೆತ್ತಿ ಕೂತರೆ ಮೂರು ತಾಸು ಸುತ್ತಲೂ ಜನ. ಅವರು ನಕ್ಕಾಗ ನಗಬಹುದು, ಕತ್ತಲಲ್ಲಿ ಮನಸಾರೆ ಅತ್ತರೂ ಯಾಕೆಂದು ಕೇಳುವವರಿಲ್ಲ. ಪ್ಯಾರಿಸ್ಸಿನ ಚಿತ್ರನಿರ್ದೇಶಕ ಫ್ರಾನ್ಸ್ವಾ ತ್ರುಫೊ ಹೀಗೆಯೇ ಶಾಲೆ ತಪ್ಪಿಸಿ ಚಿತ್ರಮಂದಿರಗಳಲ್ಲಿ ಬೆಳೆದವರು; ಆ ಬಾಲ್ಯದ ನೋವನ್ನೇ 1959ರಲ್ಲಿ ತಮ್ಮ ಮೊದಲ ಪೂರ್ಣ ಪ್ರಮಾಣದ ಚಿತ್ರವಾಗಿಸಿದರು. ಕನ್ನಡದಲ್ಲೂ ಮಗುವೊಂದರ ನೋವು ಪರದೆಗೆ ಬಂತು: ನಮ್ಮ ಸೀಮೆಯ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕತೆ ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ‘ಕೊಟ್ರೇಶಿ ಕನಸು’ ಚಿತ್ರ ಮಾಡಿದರು. ಓದುವ ಹಂಬಲದ ದಲಿತ ಹುಡುಗನಾಗಿ ನಟಿಸಿದ ವಿಜಯ ರಾಘವೇಂದ್ರ ರಾಷ್ಟ್ರಪ್ರಶಸ್ತಿ ಪಡೆದರು. ತನ್ನಂಥವನೊಬ್ಬ ಪರದೆ ಮೇಲೆ ಎದೆಯೆತ್ತಿ ನಿಂತದ್ದನ್ನು ಕಂಡ ಮಗುವಿಗೆ ಬದುಕುವ ಧೈರ್ಯ ಬರುತ್ತದೆ. ಈಗ ಊರೂರಲ್ಲಿ ಹಳೆಯ ಟಾಕೀಸುಗಳು ಬಾಗಿಲು ಹಾಕುತ್ತಿವೆ; ಮಲ್ಟಿಪ್ಲೆಕ್ಸ್ ಟಿಕೆಟ್ ಹೊಲಿಗೆಯವರ ಮಕ್ಕಳ ಕೈಗೆಟುಕುವುದಿಲ್ಲ. ಮೊಬೈಲ್ ಸಿನಿಮಾ ತೋರಿಸೀತು, ಪಕ್ಕದಲ್ಲಿ ಕೂತು ನಗಲಾರದು. ಶಾಲೆಗಳು, ಯುವಕ ಸಂಘಗಳು ತಿಂಗಳಿಗೊಮ್ಮೆಯಾದರೂ ಓಣಿಯ ಮಕ್ಕಳನ್ನೆಲ್ಲ ಕೂಡಿಸಿ ಒಂದು ಒಳ್ಳೆಯ ಕನ್ನಡ ಚಿತ್ರ ತೋರಿಸಲಿ. ಒಂದು ಪರದೆ, ಒಂದು ಪ್ರೊಜೆಕ್ಟರ್ ಇದ್ದರೆ ಸಾಕು. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಿಲ್ಲ.