ನಮ್ಮ ಲೆಕ್ಕ ನಾವೇ ಬರೆಯೋಣ

ಹಾಸ್ಟೆಲಿನ ಗೆಳೆಯರೆ, ಗೆಳತಿಯರೆ,

ನಮ್ಮ ಭಾಗದ ಒಂದು ಹಾಸ್ಟೆಲಿನಲ್ಲಿ ಅಡಿಗೆಯವರು ಒಲೆ ಆರಿಸಿ ಧರಣಿ ಕೂತಿದ್ದರು. ಹೊರಗುತ್ತಿಗೆಯವರು. ತಿಂಗಳುಗಟ್ಟಲೆ ಪಗಾರ ಬಂದಿರಲಿಲ್ಲ. ಅವತ್ತು ಒಬ್ಬ ಹುಡುಗ ನನ್ನನ್ನು ಕೇಳಿದ: "ಅಣ್ಣಾ, ಅವರ ಪಗಾರದ ಸಲುವಾಗಿ ನಾವ್ಯಾಕ ಉಪಾಸ ಬೀಳಬೇಕು? ಪರೀಕ್ಷಾ ಹತ್ರ ಬಂದಾವ."

ಸಿಟ್ಟಿನ ಮಾತು, ಆದರೆ ಸುಳ್ಳು ಮಾತಲ್ಲ. ಹಸಿದವನ ಮುಂದೆ ಭಾಷಣ ಮಾಡಬಾರದು ಅಂತ ಸುಮ್ಮನಾದೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ತಮ್ಮಾ, ನಿನ್ನ ತಾಟಿಗೆ ಬೀಳುವ ಅನ್ನ, ಆ ಅಕ್ಕನ ಪಗಾರ, ಎರಡೂ ಸರ್ಕಾರದ ಖಜಾನೆಯಿಂದ ಬರಬೇಕು. ನೀವಿಬ್ಬರೂ ಒಂದೇ ಚೀಲದ ಬಾಯಿ ನೋಡುತ್ತ ಕೂತವರು. ಆ ಚೀಲದೊಳಗೆ ಏನು ನಡೆದಿದೆ ಅಂತ ನೋಡೋಣ.

2013ರಲ್ಲಿ ಕರ್ನಾಟಕದಲ್ಲಿ ಒಂದು ಕಾಯಿದೆ ಆಯಿತು. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆ ಕಾಯಿದೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 17.15, ಪರಿಶಿಷ್ಟ ಪಂಗಡದವರು 6.95. ಎರಡೂ ಕೂಡಿದರೆ 24.1. ಅಭಿವೃದ್ಧಿಯ ರೊಕ್ಕದಲ್ಲಿ ಅಷ್ಟು ಪಾಲು ಬೇರೆ ತೆಗೆದಿಟ್ಟು, ನಮಗೂ ಉಳಿದವರಿಗೂ ನಡುವೆ ಇರುವ ಅಂತರ ತುಂಬಬೇಕು ಅನ್ನೋದು ಅದರ ತಾತ್ಪರ್ಯ. ಇದು ಭಿಕ್ಷೆ ಅಲ್ಲ, ಬಾಕಿ.

ಆ ಕಾಯಿದೆಯೊಳಗೇ ಒಂದು ಕಿಂಡಿ ಇತ್ತು. 7(ಡಿ) ಅನ್ನುವ ಕಲಮು. ಎಲ್ಲರೂ ಓಡಾಡುವ ರಸ್ತೆ ಮಾಡಿಸಿ, ಅದರಲ್ಲಿ ಒಂದು ಭಾಗ ದಲಿತರಿಗೇ ಖರ್ಚಾಯಿತು ಅಂತ ಬರೆದುಕೊಳ್ಳಬಹುದಿತ್ತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನು ತೆಗೆದರು. ಕಿಂಡಿ ಮುಚ್ಚಿತು ಅಂದುಕೊಂಡೆವು. ಆದರೆ ಪಕ್ಕದಲ್ಲೇ 7(ಸಿ) ಇತ್ತು. ಎಲ್ಲರಿಗೂ ಇರುವ ಯೋಜನೆಯಲ್ಲಿ ದಲಿತರಿಗೆ ಎಷ್ಟು ಹೋಯಿತೋ ಅಷ್ಟನ್ನು ಈ ಲೆಕ್ಕಕ್ಕೆ ಹಾಕಬಹುದು ಅಂತ ಅದು ಹೇಳುತ್ತದೆ.

ಅದನ್ನೇ ತೋರಿಸಿ, 2023-24ರಲ್ಲಿ ಈ ಉಪಯೋಜನೆಗಳ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹಚ್ಚಿದರು. 2024-25ರಲ್ಲಿ ಸುಮಾರು 39 ಸಾವಿರ ಕೋಟಿಯಲ್ಲಿ 14 ಸಾವಿರ ಕೋಟಿಗೂ ಹೆಚ್ಚು. ಎರಡು ವರ್ಷಕ್ಕೆ 25 ಸಾವಿರ ಕೋಟಿ ದಾಟಿತು. 'ಕಡಿತ' ಅಂತ ಬಜೆಟ್ ಪುಸ್ತಕದಲ್ಲಿ ಎಲ್ಲೂ ಇಲ್ಲ. ಮೇಲಿನ ಅಂಕಿ ವರ್ಷ ವರ್ಷ ದೊಡ್ಡದೇ ಆಗಿದೆ. ಒಳಗಿನ ಕಾಳು ಬೇರೆ ಕಡೆ ಹೋಗಿದೆ.

ಗ್ಯಾರಂಟಿ ಬ್ಯಾಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಅವ್ವಂದಿರು ಚಿಂಚೋಳಿಯಿಂದ ಕಲಬುರಗಿ ದವಾಖಾನೆಗೆ ಟಿಕೆಟಿಗೆ ರೊಕ್ಕ ಕೊಡದೆ ಹೋಗಿ ಬರುತ್ತಾರೆ. ತಿಂಗಳಿಗೆ ಎರಡು ಸಾವಿರ ಕೈಗೆ ಬಂದರೆ ಗೌಡರ ಮನೆ ಮುಂದೆ ನಿಲ್ಲುವುದು ಒಂದು ದಿನವಾದರೂ ತಪ್ಪುತ್ತದೆ. ನನ್ನ ತಕರಾರು ಬೇರೆ. ಗೌಡರ ಸೊಸೆಗೆ ಬರುವ ಎರಡು ಸಾವಿರ ಎಲ್ಲರ ಖಜಾನೆಯಿಂದ ಬರುತ್ತದೆ. ನಮ್ಮ ಅವ್ವನಿಗೆ ಬರುವುದನ್ನು ನಮಗೆ ಅಂತ ತೆಗೆದಿಟ್ಟ ಪಾಲಿನಲ್ಲಿ ಯಾಕೆ ಮುರಿದುಕೊಳ್ಳಬೇಕು? ನಾವು ಎಲ್ಲರೊಳಗೆ ಬರೋದಿಲ್ಲೇನು? ತೆರಿಗೆ ಕಟ್ಟುವಾಗ ಎಲ್ಲರೊಳಗೆ ಇರುತ್ತೇವೆ, ಪಡೆಯುವಾಗ ಮಾತ್ರ ಬೇರೆ ಸಾಲು!

ಆ ಹಾಸ್ಟೆಲಿನ ಪಗಾರ ನಿಂತದ್ದು ಇದರಿಂದಲೇ ಅಂತ ನಾನು ಹೇಳಲಾರೆ. ಹಾಗೆ ಹೇಳಬೇಕಾದರೆ ಕಾಗದ ಬೇಕು. ಕಾಗದದ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನು ಸಂಘದ ಮಾತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯೊಳಗೆ ರಾತ್ರಿ ಕಳೆದರು. ಕೇಳಿದ್ದು ತಿಂಗಳಿಗೆ 15 ಸಾವಿರ, ಸಿಕ್ಕಿದ್ದು 10 ಸಾವಿರದ ಭರವಸೆ. ಅದೇ ವರ್ಷ ಆಗಸ್ಟ್ 5ಕ್ಕೆ ಸಾರಿಗೆ ನೌಕರರು 38 ತಿಂಗಳ ವೇತನ ಬಾಕಿ ಕೇಳಿ ಮುಷ್ಕರಕ್ಕೆ ಇಳಿದರು. ಹೈಕೋರ್ಟಿನ ಆದೇಶ ಬಂತು, ಅವತ್ತೇ ಮುಷ್ಕರ ಹಿಂದಕ್ಕೆ ಹೋಯಿತು. ಅವರವರು ಅವರವರ ಪೆಂಡಾಲಿನಲ್ಲಿ ಕೂಗಿದರು. ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಲ್ಲದೆ ನಿಂತವರು ಡ್ರೈವರನನ್ನು ಬೈದರು. ಹಾಸ್ಟೆಲಿನಲ್ಲಿ ಊಟವಿಲ್ಲದವರು ಅಡಿಗೆಯವಳನ್ನು ಬೈದರು. ರೊಕ್ಕ ತಡೆದು ಕೂತವನನ್ನು ಯಾರೂ ಬೈಯಲಿಲ್ಲ.

ಸಂಘಗಳ ಮೇಲೆ ನಮಗೂ ಸಿಟ್ಟಿದೆ, ಅದು ಸುಳ್ಳಲ್ಲ. ಗೇಟಿನ ಮುಂದೆ ಎಲ್ಲರೂ ಕಾಮ್ರೇಡ್, ನೀರಿನ ಕೊಡದ ಹತ್ತಿರ ಮಾತ್ರ ಜಾತಿ. ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1938ರ ಫೆಬ್ರವರಿಯಲ್ಲಿ ಮನಮಾಡಿನಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕಾರ್ಮಿಕರ ಮುಂದೆ ಅವರು, ಕಾರ್ಮಿಕರ ವೈರಿಗಳು ಇಬ್ಬರು, ಬ್ರಾಹ್ಮಣಶಾಹಿ ಒಂದು, ಬಂಡವಾಳಶಾಹಿ ಇನ್ನೊಂದು ಅಂದರು. ನಮ್ಮ ವಾಡಿ ಜಂಕ್ಷನ್ ಆಗಿದ್ದೇ ಆ ಜಿ.ಐ.ಪಿ. ರೈಲಿಗೆ ನಿಜಾಮನ ರೈಲು ಬಂದು ಕೂಡಿದ್ದರಿಂದ. ಅದೇ ವರ್ಷದ ನವೆಂಬರ್ 7ಕ್ಕೆ, ಮುಷ್ಕರದ ಹಕ್ಕಿಗೆ ಕೈ ಹಾಕಿದ ಮಸೂದೆಯ ವಿರುದ್ಧ ಅವರು ಮುಂಬೈಯಲ್ಲಿ ಕಮ್ಯುನಿಸ್ಟರ ಜೊತೆಗೂಡಿ ಒಂದು ದಿನದ ಮುಷ್ಕರ ನಡೆಸಿದರು. ಜಾತಿಯ ಸಿಟ್ಟು ನುಂಗಿಕೊಂಡಲ್ಲ, ಇಟ್ಟುಕೊಂಡೇ ಜೊತೆ ನಿಂತರು. ನಾವು ಕಲಿಯಬೇಕಾದ್ದು ಅದು.

ಈಗ ಕಾಗದದ ಮಾತು. ನಾನು ಪೂರಾ ಬರಹಗಾರನಲ್ಲ. ಹಗಲು ಪರ್ಸಿ ಕಲ್ಲು ಪಾಲಿಶ್ ಮಾಡುವ ಒಂದು ಕಡೆ ಹಾಜರಿ, ಲಾರಿ ಲೆಕ್ಕ ಬರೆಯುತ್ತೇನೆ. ರಾತ್ರಿ ಉಳಿದ ಕಣ್ಣಿನಲ್ಲಿ ಇಂಥದ್ದು. ಒಂದು ಕಾಲಕ್ಕೆ ಕವನ ಸಂಕಲನ ತರಬೇಕು, ಕಲಬುರಗಿಯಲ್ಲಿ ಬಿಡುಗಡೆಯಾಗಬೇಕು, ಹೆಗಲಿಗೆ ಶಾಲು ಬೀಳಬೇಕು ಅಂತ ಆಸೆ ಇತ್ತು. ಈಗಲೂ ಪೂರಾ ಹೋಗಿಲ್ಲ. ಆದರೆ ಆ ಹುಡುಗ ಕೇಳಿದ ದಿನ ನಾಚಿಕೆ ಬಂತು. ಮಾಲಕನ ಒಂದು ಕಲ್ಲು ಒಡೆದರೂ ನನ್ನ ವಹಿಯಲ್ಲಿ ಇರುತ್ತದೆ. ನಮ್ಮ ಜನರ ಒಂದು ರೂಪಾಯಿಯ ಲೆಕ್ಕವೂ ನನ್ನ ಹತ್ತಿರ ಇರಲಿಲ್ಲ. ಆಗಿನಿಂದ ನನ್ನ ಗುರಿ ಬದಲಾಯಿತು. ಕವಿ ಅನ್ನಿಸಿಕೊಳ್ಳುವ ಮೊದಲು ನಮ್ಮವರ ಗುಮಾಸ್ತ ಆಗಬೇಕು.

ಇದು ಸಣ್ಣ ಕೆಲಸ ಅನ್ನಬೇಡಿ. 1920ರಲ್ಲಿ 'ಮೂಕನಾಯಕ', 1927ರಲ್ಲಿ 'ಬಹಿಷ್ಕೃತ ಭಾರತ' ಹೊರಡಿಸಿದ ಬಾಬಾಸಾಹೇಬರೇ 1925ರಲ್ಲಿ ಪ್ರಾಂತಗಳ ಹಣಕಾಸಿನ ಮೇಲೆ ಪುಸ್ತಕ ಬರೆದರು. ಬಜೆಟ್ ಓದುವುದು ನಮ್ಮ ಅಜ್ಜನ ವಿದ್ಯೆ.

ಆದ್ದರಿಂದ ಗೆಳೆಯರೆ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಒಂದೊಂದು ಹಾಸ್ಟೆಲಿನಲ್ಲೂ ಒಂದು ನೋಟುಬುಕ್ಕು ಇಡಿ. ಎಷ್ಟು ಮಂದಿ, ಎಷ್ಟು ಅಕ್ಕಿ, ಎಷ್ಟು ಬ್ಯಾಳಿ, ಸ್ಕಾಲರ್‌ಶಿಪ್ ಬಂದ ತಾರೀಖು, ಅಡಿಗೆಯವರಿಗೆ ಪಗಾರ ಬಂದ ತಾರೀಖು. 2005ರ ಮಾಹಿತಿ ಹಕ್ಕಿನ ಕಾಯಿದೆಯಲ್ಲಿ ಅರ್ಜಿಗೆ 10 ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದವರಿಗೆ ಅದೂ ಇಲ್ಲ. ತಾಲೂಕಿಗೆ ಬಂದ ರೊಕ್ಕ ಎಷ್ಟು, ಖರ್ಚಾದದ್ದು ಎಲ್ಲಿ, ಬರೆದು ಕೇಳಿ. ಸಿಕ್ಕ ಉತ್ತರ ಇಂಥ ಪತ್ರಿಕೆಗೆ ಕಳಿಸಿ. ಸ್ಟೆನ್ಸಿಲ್ ಕೊರೆಯಲು ಕೈಗಳಿವೆ.

ಆ ಹುಡುಗನಿಗೆ ಕೊನೆಯ ಮಾತು. ತಮ್ಮಾ, ಮುಂದಿನ ಸಲ ಒಲೆ ಆರಿದಾಗ ತಾಟು ತಗೊಂಡು ಅಕ್ಕನ ಎದುರಿಗೆ ನಿಲ್ಲಬ್ಯಾಡ, ಪಕ್ಕದಾಗ ಕೂಡು. ನೋಟುಬುಕ್ಕು ಕೈಯಾಗಿರಲಿ.

ಜೈ ಭೀಮ್.