ವಿಮಾನ ಬಿದ್ದಾಗ ನಾವು ವಾದಿಸುವುದು ಯಾರ ಪರವಾಗಿ?

2025ರ ಜೂನ್ 12ರಂದು ಅಹಮದಾಬಾದ್‌ನಿಂದ ಲಂಡನ್‌ಗೆ ಹೊರಟ ಏರ್ ಇಂಡಿಯಾ ವಿಮಾನವು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜೊಂದರ ವಸತಿಗೃಹದ ಮೇಲೆ ಕುಸಿದು ಬಿತ್ತು. ವಿಮಾನದಲ್ಲಿದ್ದ 242 ಮಂದಿಯ ಪೈಕಿ ಬದುಕುಳಿದವರು ಒಬ್ಬರೇ. ನೆಲದ ಮೇಲಿದ್ದ 19 ಮಂದಿಯೂ ಸೇರಿ ಒಟ್ಟು 260 ಜೀವಗಳು ಹೋದವು. ಸುಟ್ಟ ದೇಹಗಳು ಯಾರವೆಂದು ತಿಳಿಯಲು ಡಿಎನ್‌ಎ ಪರೀಕ್ಷೆಯೇ ಬೇಕಾಯಿತು. ತಮ್ಮವರ ಅವಶೇಷಕ್ಕಾಗಿ ಕುಟುಂಬಗಳು ದಿನಗಟ್ಟಲೆ ಕಾದವು. ಆದರೆ ಅಪರಾಧಿ ಯಾರೆಂದು ತಿಳಿಯಲು ಮಾತ್ರ ಯಾವ ಪರೀಕ್ಷೆಯೂ ಬೇಕಾಗಲಿಲ್ಲ. ಆ ತೀರ್ಪು ಅಂದು ಸಂಜೆಯೊಳಗೆ ಲಕ್ಷಾಂತರ ಮೊಬೈಲ್‌ಗಳಲ್ಲಿ ಸಿದ್ಧವಾಗಿತ್ತು.

ಕೆಲವರಿಗೆ ಅಪರಾಧಿ ಕೇಂದ್ರ ಸರಕಾರ. ಇನ್ನು ಕೆಲವರಿಗೆ ಸರಕಾರವನ್ನು ಪ್ರಶ್ನಿಸುವವರು. ಮತ್ತೊಂದು ಗುಂಪಿಗೆ ತುರ್ಕಿ. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ ತುರ್ಕಿ ಮೂಲದ ಕಂಪೆನಿಯೊಂದಕ್ಕೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ನೀಡಿದ್ದ ಭದ್ರತಾ ಅನುಮತಿ ರದ್ದಾಗಿತ್ತು; ತುರ್ಕಿ ಬಹಿಷ್ಕಾರದ ಕರೆ ಇನ್ನೂ ಬಿಸಿಯಾಗಿಯೇ ಇತ್ತು. ಹೀಗಾಗಿ, ಬಿದ್ದ ವಿಮಾನದ ನಿರ್ವಹಣೆ ಮಾಡಿದ್ದು ತುರ್ಕಿಯ ಸಂಸ್ಥೆ ಎಂಬ ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಏರ್ ಇಂಡಿಯಾದೊಂದಿಗಿನ ಒಪ್ಪಂದ ಬೋಯಿಂಗ್ 777 ವಿಮಾನಗಳಿಗೆ ಮಾತ್ರ ಸಂಬಂಧಿಸಿದ್ದು ಎಂದು ತುರ್ಕಿ ಸ್ಪಷ್ಟಪಡಿಸಿತು. ಬಿದ್ದದ್ದು 787. ಆದರೆ ಹಬ್ಬಿದ ಸುಳ್ಳಿನ ವೇಗ ಸ್ಪಷ್ಟನೆಗೆ ಎಲ್ಲಿಂದ ಬರಬೇಕು? ಮರುತಿಂಗಳು ಪ್ರಾಥಮಿಕ ತನಿಖಾ ವರದಿ ಬಂತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಕಡಿತದ ಸ್ಥಾನಕ್ಕೆ ಹೋಗಿದ್ದವು. ಇಂಧನವನ್ನು ಏಕೆ ನಿಲ್ಲಿಸಿದಿರಿ ಎಂದು ಒಬ್ಬ ಪೈಲಟ್ ಕೇಳಿದ್ದರು, ತಾನು ನಿಲ್ಲಿಸಿಲ್ಲವೆಂದು ಇನ್ನೊಬ್ಬರು ಉತ್ತರಿಸಿದ್ದರು. ವರದಿ ಅಲ್ಲಿಗೆ ನಿಂತಿತ್ತು. ಯಾರು, ಹೇಗೆ, ಏಕೆ ಎಂಬುದನ್ನು ಅದು ಹೇಳಿರಲಿಲ್ಲ. ಜನರು ಹೇಳಿಬಿಟ್ಟರು. ತೀರಿಹೋದ, ಉತ್ತರಿಸಲಾಗದ ಮನುಷ್ಯನೊಬ್ಬ ಕೊಲೆಗಾರನಾದ.

ಇಂತಹ ವಾಗ್ವಾದಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಒಂದು ಮಾತಿದೆ: ‘ಇವರು ಅಧಿಕಾರಕ್ಕೆ ಬಂದ ಮೇಲೆ ವಿಮಾನಗಳು ಹೆಚ್ಚು ಬೀಳುತ್ತಿವೆ.’ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ. ಅಂತಾರಾಷ್ಟ್ರೀಯ ವಾಯು ಸಾರಿಗೆ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಜಗತ್ತಿನಾದ್ಯಂತ ನಡೆದ ಸುಮಾರು 3.7 ಕೋಟಿ ಹಾರಾಟಗಳಲ್ಲಿ ಜೀವಹಾನಿಯಾದ ಅಪಘಾತ ಒಂದೇ ಒಂದು. ನೇಪಾಳದಲ್ಲಿ ನಡೆದ ಅದು 72 ಮಂದಿಯನ್ನು ಬಲಿ ಪಡೆಯಿತು. 2024ರಲ್ಲಿ ಹಾರಾಟಗಳು ಸುಮಾರು 4 ಕೋಟಿ, ಅಂತಹ ಅಪಘಾತಗಳು ಏಳು. ಒಂದು ವರ್ಷದಲ್ಲಿ ಏಳು ಪಟ್ಟು ಏರಿಕೆ! ಸುದ್ದಿಯ ಶೀರ್ಷಿಕೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೇ? ಆದರೆ ಕೋಟಿಗಳಲ್ಲಿ ಒಂದು, ಕೋಟಿಗಳಲ್ಲಿ ಏಳು ಎಂಬ ಸಂಖ್ಯೆಗಳಿಂದ ಯಾವ ಸರಕಾರದ ಗುಣವನ್ನೂ ಅಳೆಯಲಾಗದು. ಅಷ್ಟು ವಿರಳವಾದ ಘಟನೆ ಒಂದು ವರ್ಷ ಬರದೇ ಇರುತ್ತದೆ, ಇನ್ನೊಂದು ವರ್ಷ ಜೊತೆಜೊತೆಯಾಗಿ ಬರುತ್ತದೆ. ಅದೇ ವೇಳೆ, 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಸರಕಾರದ ವರದಿಯೇ ಹೇಳುತ್ತದೆ. ಅಂದರೆ ದಿನಕ್ಕೆ 460ಕ್ಕೂ ಹೆಚ್ಚು. ಅಹಮದಾಬಾದ್‌ನಲ್ಲಿ ಹೋದಷ್ಟು ಜೀವಗಳು ನಮ್ಮ ರಸ್ತೆಗಳಲ್ಲಿ ಹದಿನಾಲ್ಕು ಗಂಟೆಯೊಳಗೆ ಹೋಗುತ್ತವೆ. ಅದರ ಕುರಿತು ರಾತ್ರಿಯಿಡೀ ಜಗಳವಾಡಿದವರನ್ನು ನಾವು ಕಂಡಿಲ್ಲ.

ವಾದ ಎಷ್ಟು ಕುರುಡಾಗಬಹುದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ಇಲ್ಲಿ ನೆನೆಯುವುದು ಉಚಿತ. ಅಲ್ಲಿ 2009ರ ಫೆಬ್ರವರಿಯ ಬಳಿಕ ಸುಮಾರು ಹದಿನಾರು ವರ್ಷ ಯಾವ ದೊಡ್ಡ ವಿಮಾನ ದುರಂತವೂ ಸಂಭವಿಸಿರಲಿಲ್ಲ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ಪ್ರಯಾಣಿಕ ವಿಮಾನವೂ ಸೇನಾ ಹೆಲಿಕಾಪ್ಟರೂ ಡಿಕ್ಕಿಯಾಗಿ 67 ಮಂದಿ ನದಿಯ ಪಾಲಾದರು. ಹೊಸ ಅಧ್ಯಕ್ಷರು ಅಧಿಕಾರ ವಹಿಸಿ ಆಗ ಒಂಬತ್ತು ದಿನ. ನೇಮಕಾತಿಯಲ್ಲಿ ವೈವಿಧ್ಯಕ್ಕೆ ಕೊಟ್ಟ ಪ್ರಾಶಸ್ತ್ಯವೇ ಕಾರಣವಿರಬಹುದೆಂದು ಅಧ್ಯಕ್ಷರು ಮರುದಿನವೇ ಸೂಚಿಸಿದರು. ಅಂದರೆ ಕರಿಯರು, ಮಹಿಳೆಯರು, ಅಂಗವಿಕಲರು ತಲೆತಗ್ಗಿಸಬೇಕು. ಅವರ ವಿರೋಧಿಗಳು, ಅಧ್ಯಕ್ಷರು ನೇಮಕಾತಿ ತಡೆಹಿಡಿದದ್ದೇ ಕಾರಣವೆಂದು ಕೂಗಿದರು. ಒಂಬತ್ತು ದಿನಗಳಲ್ಲಿ ಯಾವ ನಿಯಂತ್ರಣ ಗೋಪುರ ಬರಿದಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ಮಾರ್ಚ್‌ನಲ್ಲಿ ತನಿಖಾ ಮಂಡಳಿ ಮುಂದಿಟ್ಟದ್ದು ಬೇರೆಯೇ ಕಥೆ. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ಒಂದೇ ನಿಲ್ದಾಣದ ಸುತ್ತ ಪ್ರಯಾಣಿಕ ವಿಮಾನಗಳೂ ಹೆಲಿಕಾಪ್ಟರ್‌ಗಳೂ ಪರಸ್ಪರ ಹತ್ತಿರ ಬಂದ 15,214 ಸಂದರ್ಭಗಳು ದಾಖಲಾಗಿದ್ದವು. ಅವುಗಳಲ್ಲಿ 85 ಬಾರಿ ಎತ್ತರದ ಅಂತರ 200 ಅಡಿಗಿಂತಲೂ ಕಡಿಮೆ. ಆ ಹೆಲಿಕಾಪ್ಟರ್ ಮಾರ್ಗ ಹಲವು ಅಧ್ಯಕ್ಷರ ಕಾಲವನ್ನು ಕಂಡಿತ್ತು. ಅಪಾಯವು ಎಲ್ಲ ಪಕ್ಷಗಳ ಆಡಳಿತದಲ್ಲಿಯೂ ಕಡತದೊಳಗೆ ಸುಮ್ಮನೆ ಕುಳಿತಿತ್ತು. ಅದನ್ನು ಎಣಿಸುವವರಿರಲಿಲ್ಲ ಅಷ್ಟೆ.

ಹಾಗಾದರೆ ವಿಮಾನ ಬೀಳುವುದಕ್ಕೂ ರಾಜಕೀಯಕ್ಕೂ ಸಂಬಂಧವೇ ಇಲ್ಲವೇ? ಖಂಡಿತವಾಗಿಯೂ ಇದೆ. ಅದನ್ನು ನಮ್ಮ ಕರಾವಳಿಗಿಂತ ಚೆನ್ನಾಗಿ ಬಲ್ಲವರು ಯಾರು? 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದಿಂದ ಕೆಳಗುರುಳಿ ಉರಿದಾಗ 158 ಮಂದಿ ಮೃತಪಟ್ಟರು, 8 ಮಂದಿ ಉಳಿದರು. ಗಲ್ಫ್‌ನಲ್ಲಿ ದುಡಿದು ಮನೆ ಸಲಹುತ್ತಿದ್ದವರು, ರಜೆಗೆಂದು ಮಕ್ಕಳೊಂದಿಗೆ ಹೊರಟವರು ಅದರಲ್ಲಿದ್ದರು. ಗುರುತು ಸಿಗದ ಕೆಲವು ದೇಹಗಳನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಲಾಯಿತು. ಆ ಮಣ್ಣಿನೊಳಗೆ ಹಿಂದೂ ಯಾರು, ಮುಸ್ಲಿಮ್ ಯಾರು, ಕ್ರೈಸ್ತರು ಯಾರು ಎಂಬುದು ಅಲ್ಲಾಹನಿಗಲ್ಲದೆ ಇನ್ನಾರಿಗೂ ತಿಳಿಯದು.

ಪೈಲಟ್ ವಿದೇಶದವರು ಎಂಬ ಮಾತು ಆಗಲೂ ಎದ್ದಿತ್ತು. ತನಿಖಾ ವರದಿ ಹೇಳಿದ್ದೇನು? ಧ್ವನಿಮುದ್ರಿಕೆಯ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ತಪ್ಪು ಕ್ಯಾಪ್ಟನ್ ಅವರದು ಎಂಬುದರಲ್ಲಿ ವರದಿಗೆ ಸಂದೇಹವಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಮಂಗಳೂರಿನ ರೇಡಾರ್ ಮೇ 20ರಿಂದಲೇ ಕೆಟ್ಟಿತ್ತು. ರನ್‌ವೇಯಿಂದಾಚೆ ಧಾವಿಸಿದ ವಿಮಾನದ ರೆಕ್ಕೆ ಬಡಿದದ್ದು ಆಂಟೆನಾಕ್ಕಾಗಿ ಕಟ್ಟಿದ್ದ ಕಾಂಕ್ರೀಟ್ ರಚನೆಗೆ. ತಗುಲಿದರೆ ಮುರಿದು ಬೀಳುವಂತೆ ಇರಬೇಕಾದ ಜಾಗದಲ್ಲಿ ಕಾಂಕ್ರೀಟ್! ಇದು ರಾಜಕೀಯ. ಯಾರ ಪಕ್ಷದ್ದು ಎಂದು ಕೇಳಿದರೆ ಉತ್ತರ ಸಿಗದ, ಯಾರ ಹೊಣೆ ಎಂದು ಕೇಳಿದರೆ ಉತ್ತರ ಸಿಗಲೇಬೇಕಾದ ರಾಜಕೀಯ. ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋದ ಕುಟುಂಬವೊಂದಕ್ಕೆ ಸುಪ್ರೀಂ ಕೋರ್ಟ್‌ನ ತೀರ್ಪು ದೊರೆತದ್ದು 2020ರಲ್ಲಿ. ಹತ್ತು ವರ್ಷ ಆ ಕುಟುಂಬದ ಬೆನ್ನಿಗೆ ನಿಂತ ವಾಗ್ಮಿಗಳೆಷ್ಟು?

ಅದೇ ವರ್ಷ ಆಗಸ್ಟ್ 7ರಂದು ಕೋಝಿಕ್ಕೋಡ್‌ನಲ್ಲಿ ಮತ್ತೆ ಅದೇ ಕಂಪೆನಿ, ಅದೇ ಮಾದರಿಯ ವಿಮಾನ, ಅದೇ ಬಗೆಯ ಟೇಬಲ್‌ಟಾಪ್ ರನ್‌ವೇ, ಅದೇ ದುಬೈ. ಕೊರೋನಾ ಕಾಲದಲ್ಲಿ ಊರು ಸೇರಲು ಹೊರಟವರು. ಮಳೆ, ಹಿಂದಿನಿಂದ ಬೀಸುವ ಗಾಳಿ, ದೂರ ಹೋಗಿ ನೆಲ ಮುಟ್ಟಿದ ಚಕ್ರ. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಮೃತರಾದರು. ಆ ರನ್‌ವೇ ಕುರಿತು ವಾಯುಯಾನ ಸುರಕ್ಷಾ ಸಲಹಾ ಸಮಿತಿಯ ಸದಸ್ಯರೊಬ್ಬರು 2011ರಲ್ಲಿಯೇ ಪತ್ರ ಬರೆದು ಎಚ್ಚರಿಸಿದ್ದರು. ಪತ್ರಕ್ಕೆ ಒಂಬತ್ತು ವರ್ಷ ವಯಸ್ಸಾಗುವಾಗ ವಿಮಾನ ಬಿತ್ತು. ಸೋಂಕಿನ ಭಯವನ್ನೂ ಲೆಕ್ಕಿಸದೆ ಮಳೆಯಲ್ಲಿ ಓಡಿಬಂದು ಗಾಯಾಳುಗಳನ್ನು ಹೊತ್ತೊಯ್ದ ಕೊಂಡೋಟ್ಟಿಯ ಜನ ಆ ಹೊತ್ತಿನಲ್ಲಿ ಯಾರ ಪಕ್ಷವನ್ನೂ ವಿಚಾರಿಸಲಿಲ್ಲ.

ಪಕ್ಷಕ್ಕಿಂತಲೂ ಕೆಟ್ಟದ್ದು ಪೂರ್ವಗ್ರಹ. 2018ರಲ್ಲಿ ಇಂಡೋನೇಷ್ಯದಲ್ಲಿಯೂ 2019ರಲ್ಲಿ ಇಥಿಯೋಪಿಯದಲ್ಲಿಯೂ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಮಂದಿ ಸತ್ತಾಗ, ಬಡ ದೇಶಗಳ ಪೈಲಟ್‌ಗಳಿಗೆ ವಿಮಾನ ಹಾರಿಸಲು ಬರುವುದಿಲ್ಲ ಎಂದು ಮೂಗು ಮುರಿದವರು ಕಡಿಮೆ ಇರಲಿಲ್ಲ. ದೋಷವಿದ್ದದ್ದು ವಿಮಾನದ ಮೂತಿಯನ್ನು ತಾನಾಗಿ ಕೆಳಗೊತ್ತುವ ಒಂದು ವ್ಯವಸ್ಥೆಯಲ್ಲಿ ಮತ್ತು ಕಂಪೆನಿಯ ಮಾತನ್ನೇ ನೆಚ್ಚಿದ ಅಮೆರಿಕದ ನಿಯಂತ್ರಕರಲ್ಲಿ. ಇನ್ನೂ ಹಿಂದೆ, 1999ರ ಅಕ್ಟೋಬರ್ 31ರಂದು ಈಜಿಪ್ಟ್‌ಏರ್ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 217 ಮಂದಿ ಮುಳುಗಿದರು. ಧ್ವನಿಮುದ್ರಿಕೆಯಲ್ಲಿ ಸಹಪೈಲಟ್ ಅರಬಿಯಲ್ಲಿ ಪದೇ ಪದೇ ಹೇಳಿದ್ದು ತಾನು ಅಲ್ಲಾಹನ ಮೇಲೆ ಭರವಸೆಯಿಟ್ಟೆ ಎಂಬ ಮಾತು. ಅಂಗಡಿಯ ಬಾಗಿಲು ತೆರೆಯುವಾಗ, ವಾಹನ ಏರುವಾಗ ಮುಸ್ಲಿಮನ ಬಾಯಲ್ಲಿ ಬರುವ ಮಾತದು. ಅದನ್ನೇ ಭಯೋತ್ಪಾದಕನ ಘೋಷಣೆಯೆಂಬಂತೆ ಜಗತ್ತಿಗೆ ಓದಿ ಹೇಳಲಾಯಿತು. ಆ ಸಹಪೈಲಟ್‌ನ ಕೈಗಳೇ ವಿಮಾನವನ್ನು ಕೆಳಗಿಳಿಸಿದವು ಎಂದು ಅಮೆರಿಕದ ತನಿಖೆ ನಿರ್ಧರಿಸಿತು. ಯಂತ್ರದೋಷವೆಂದು ಈಜಿಪ್ಟ್ ವಾದಿಸಿತು. ಯಾವುದು ಸರಿ ಎಂಬುದನ್ನು ಯಂತ್ರದ ದಾಖಲೆಗಳಿಂದ ಚರ್ಚಿಸಬಹುದು. ಒಂದು ಪ್ರಾರ್ಥನೆಯಿಂದ ಚರ್ಚಿಸಲಾಗದು.

ನೋವುಂಡ ಸಮುದಾಯವು ಇತರರ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕಿತ್ತು. ಆದರೆ ಅಪಘಾತವಾದೊಡನೆ ಇದು ಅಲ್ಲಾಹನ ಶಿಕ್ಷೆಯೆಂದು ಘೋಷಿಸುವ ಧ್ವನಿಮುದ್ರಿಕೆಗಳು ನಮ್ಮ ನಡುವೆಯೂ ಹರಿದಾಡುತ್ತವೆ. ಸತ್ತವರಲ್ಲಿ ಹಸುಗೂಸುಗಳೂ ಇದ್ದರೆಂಬುದು ಆ ಧ್ವನಿಯ ಒಡೆಯರಿಗೆ ಹೊಳೆಯುವುದಿಲ್ಲ. ಸುದ್ದಿ ತಂದವನು ನಂಬಲರ್ಹನಲ್ಲದಿದ್ದರೆ ಅದನ್ನು ಪರಿಶೀಲಿಸಬೇಕು, ಇಲ್ಲದಿದ್ದರೆ ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಪರಿತಪಿಸಬೇಕಾದೀತು ಎಂಬ ಹುಜುರಾತ್ ಅಧ್ಯಾಯದ ಎಚ್ಚರಿಕೆಯು ನಮ್ಮನ್ನು ಉದ್ದೇಶಿಸಿಯೇ ಇದೆ. ನಮ್ಮ ವಿರೋಧಿಗಳಿಗೆ ಕಳುಹಿಸಿ ಕೊಡಲೆಂದು ಅಲ್ಲ. ಇನ್ನು ಕೆಲವರು, ಮರಣದ ವೇಳೆ ನಿಶ್ಚಿತವಾಗಿರುವಾಗ ತನಿಖೆ ಏಕೆ ಎನ್ನುತ್ತಾರೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳ ಮಾತೇ ಇದು? ಕೆಟ್ಟ ರೇಡಾರನ್ನು ವಿಧಿಯ ಖಾತೆಗೆ ಬರೆಯುವುದರಿಂದ ಲಾಭವಾಗುವುದು ಅದನ್ನು ದುರಸ್ತಿ ಮಾಡದೆ ಬಿಟ್ಟವರಿಗೆ ಮಾತ್ರ.

ವಾದಿಸಲೇಬೇಕೆಂದಿದ್ದರೆ ವಿಷಯಕ್ಕೆ ಬರವಿಲ್ಲ. ಅಹಮದಾಬಾದ್ ದುರಂತದ ಎರಡು ತಿಂಗಳ ಬಳಿಕ, 2025ರ ಆಗಸ್ಟ್‌ನಲ್ಲಿ, ಸಂಸತ್ತಿನ ಸ್ಥಾಯಿ ಸಮಿತಿಯೊಂದು ವಾಯುಯಾನ ಸುರಕ್ಷತೆಯ ಕುರಿತು ವರದಿ ಮಂಡಿಸಿತು. ದೇಶದ ವಿಮಾನಗಳನ್ನೂ ಪೈಲಟ್‌ಗಳನ್ನೂ ಪರಿಶೀಲಿಸಬೇಕಾದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಮಂಜೂರಾದ 1,063 ಹುದ್ದೆಗಳಲ್ಲಿ ಭರ್ತಿಯಾಗಿದ್ದದ್ದು 553. ಉಳಿದ ಕುರ್ಚಿಗಳು ಖಾಲಿ. ತುರ್ಕಿಯ ಸುಳ್ಳನ್ನು ಒಂದೇ ಸಂಜೆಯಲ್ಲಿ ಊರೂರಿಗೆ ಮುಟ್ಟಿಸಿದ ಕೈಗಳು ಈ ಎರಡು ಅಂಕಿಗಳನ್ನು ಎಲ್ಲಿಗೂ ಮುಟ್ಟಿಸಲಿಲ್ಲ. ಆ ಹೊತ್ತಿಗೆ ವಾಗ್ವಾದ ಬೇರೊಂದು ವಿಷಯಕ್ಕೆ ದಾಟಿತ್ತು. ಆ ಕುರ್ಚಿಗಳಲ್ಲಿ ಈಗ ಎಷ್ಟು ತುಂಬಿವೆ ಎಂದು ದಕ್ಷಿಣ ಕನ್ನಡದ, ಉಡುಪಿಯ, ಕಾಸರಗೋಡಿನ ಮತದಾರರು ತಮ್ಮ ತಮ್ಮ ಸಂಸದರಿಗೆ ಒಂದು ಪತ್ರ ಬರೆದು ಕೇಳಬಹುದು. ಬಜ್ಪೆಯಿಂದ ದುಬೈಗೆ ಇವತ್ತೂ ವಿಮಾನ ಹೊರಡುತ್ತದೆ.